ಗಂಟಲಲ್ಲಿ ನಿಂತ ತುತ್ತು

ನಮ್ಮ ಮನೆಯಲ್ಲಿ ಊಟದಿಂದ ಮೊದಲು ಏಳುವವರು ನಾವು. ಕಡೆಗೆ ಏಳುವವನು ನಮ್ಮ ಹನ್ನೊಂದು ವರ್ಷದ ಮಗ. ದೆಹಲಿಯಲ್ಲಿ ಕಚೇರಿಯ ಬಸ್ಸು ಹಿಡಿಯಬೇಕಾದ ಗುಮಾಸ್ತರಿಗೆ ಊಟವೂ ಒಂದು ತುರ್ತು ಕಡತವೇ. ಈ ಹುಡುಗನೋ, ತುತ್ತನ್ನು ಅಗಿದು ಅಗಿದು, ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದ; ಚಪಾತಿ ಕಂಡರೆ ಮುಖ ತಿರುಗಿಸುತ್ತಿದ್ದ. "ಸಿಕ್ಕೊಳ್ಳತ್ತೆ ಅಪ್ಪಾ" ಎಂದು ಅವನು ಹೇಳಿದ್ದುಂಟು. "ಎಲ್ಲಾ ಸೋಗು" ಎಂದು ನಾವು ಗದರಿದ್ದೂ ಉಂಟು.

ಕಳೆದ ಚಳಿಗಾಲದ ಒಂದು ಭಾನುವಾರ ಚಪಾತಿಯ ತುಣುಕು ನಿಜವಾಗಿಯೂ ನಿಂತಿತು. ಉಸಿರಾಟಕ್ಕೆ ತೊಂದರೆಯಿಲ್ಲ, ಆದರೆ ನೀರೂ ಇಳಿಯದು, ಉಗುಳೂ ಇಳಿಯದು. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿಯ ಕೊಳವೆ ಇಳಿಸಿ ಅದನ್ನು ತೆಗೆದರು. ಅನ್ನನಾಳದ ಒಳಪದರದಿಂದ ಸಣ್ಣ ಸಣ್ಣ ಚೂರುಗಳನ್ನೂ ಪರೀಕ್ಷೆಗೆ ಕಳುಹಿಸಿದರು. ಬಂದ ಹೆಸರು ನಮ್ಮ ಬಿ.ಎ. ಪದವಿಗೆ ಮೀರಿದ್ದು: ಇಯೊಸಿನೋಫಿಲಿಕ್ ಈಸೊಫಜೈಟಿಸ್.

ವೈದ್ಯರು ಸಾವಧಾನವಾಗಿ ತಿಳಿಸಿದರು. ಇಯೊಸಿನೋಫಿಲ್ ಎಂಬುದು ಬಿಳಿ ರಕ್ತಕಣಗಳ ಒಂದು ಜಾತಿ. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರುವುದರಿಂದ 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಅದಕ್ಕೆ ಆ ಹೆಸರಿಟ್ಟರು. ಹೊಟ್ಟೆ ಕರುಳುಗಳಲ್ಲಿ ಈ ಕಣಕ್ಕೆ ಖಾಯಂ ಹುದ್ದೆಯುಂಟು. ಆರೋಗ್ಯವಂತ ಅನ್ನನಾಳದಲ್ಲಿ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಬಹುವಾಗಿ ಹಿಗ್ಗಿಸಿ ನೋಡಿದಾಗ ಒಂದು ನೋಟಕ್ಕೆ 15 ಅಥವಾ ಹೆಚ್ಚು ಕಂಡರೆ ಈ ರೋಗದ ಗುಮಾನಿ.

ಮಂಜೂರಾಗದ ಜಾಗಕ್ಕೆ ಇವು ಬರುವುದೇಕೆ? ಕೆಲವರಲ್ಲಿ ಅನ್ನನಾಳದ ಒಳಗೋಡೆ ಸಡಿಲ; ಇದರಲ್ಲಿ ವಂಶದ ಗುಣವೂ ಸೇರಿದೆ. ಹಾಲು, ಗೋಧಿ, ಮೊಟ್ಟೆ, ಸೋಯಾ ಮುಂತಾದವುಗಳ ಪ್ರೋಟೀನು ಆ ಸಂದಿಯಲ್ಲಿ ನುಸುಳುತ್ತದೆ. ಗೋಡೆಯ ಕಣಗಳು ಅಪಾಯವೆಂದು ದೂರು ಕೊಡುತ್ತವೆ. ದೂರು ತಲುಪಿದ ಲಿಂಫೋಸೈಟುಗಳು ಇಂಟರ್‌ಲ್ಯೂಕಿನ್ 5, ಇಂಟರ್‌ಲ್ಯೂಕಿನ್ 13 ಎಂಬ ಆಜ್ಞೆಗಳನ್ನು ಹೊರಡಿಸುತ್ತವೆ. ಐದನೆಯದು ಇಯೊಸಿನೋಫಿಲ್‌ಗಳನ್ನು ಬೆಳೆಸುತ್ತದೆ. ಹದಿಮೂರನೆಯದು ಇಯೊಟಾಕ್ಸಿನ್ 3 ಎಂಬ ಕರೆಯೋಲೆಯನ್ನು ಗೋಡೆಯಿಂದಲೇ ಬರೆಸುತ್ತದೆ. ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತದೆ. ಬಂದ ಕಣಗಳು ತಮ್ಮೊಳಗಿನ ವಿಷವನ್ನು ಅಲ್ಲಿ ಚೆಲ್ಲುತ್ತವೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ನಾಳ ನಾರುಗಟ್ಟಿ ಕಿರಿದಾಗುತ್ತದೆ. ತಿಂದೊಡನೆ ತುಟಿ ಊದುವ ಅಲರ್ಜಿಯಂತಲ್ಲ ಇದು, ನಿಧಾನದ್ದು. ಚರ್ಮಕ್ಕೆ ಚುಚ್ಚುವ ಪರೀಕ್ಷೆಯನ್ನು ನೆಚ್ಚಿ ಅಪರಾಧಿಯನ್ನು ಹಿಡಿಯಲಾಗದು. ಇದನ್ನು ಬೇರೆಯೇ ರೋಗವೆಂದು ಗುರುತಿಸಿದ್ದು 1990ರ ದಶಕದ ಆದಿಯಲ್ಲಷ್ಟೇ.

ನಮ್ಮನ್ನು ಚುಚ್ಚಿದ್ದು ವೈದ್ಯರ ಕೊನೆಯ ಮಾತು: "ಬಹಳ ಅಗಿಯುವುದು, ನೀರು ಕುಡಿಯುವುದು ಸೋಗಲ್ಲ, ಇಂಥ ಮಕ್ಕಳು ತಾವೇ ಕಂಡುಕೊಂಡ ಉಪಾಯ."

ಮೊದಲು ಹಾಲನ್ನು ಬಿಡಿಸಿ ನೋಡೋಣವೆಂದರು. "ಮೊಸರನ್ನವಿಲ್ಲದೆ ಊಟ ಮುಗಿಯುವುದು ಹೇಗೋ?" ಎಂದು ನಮ್ಮ ತಾಯಿ ಕಣ್ಣೊರೆಸಿಕೊಂಡರು. ತುಪ್ಪವೂ ಹೋಯಿತು, ಸಂಘದ ಯುಗಾದಿ ಊಟದ ಪಾಯಸವೂ ಹೋಯಿತು. ಎಂಟು ವಾರಗಳ ಮೇಲೆ ಮತ್ತೆ ಕೊಳವೆ ಇಳಿಸಿ ನೋಡಿದಾಗ 40 ಇದ್ದ ಕಣಗಳು ಆರಕ್ಕೆ ಇಳಿದಿದ್ದವು. ಎಲ್ಲರಿಗೂ ಹಾಲೇ ಕಾರಣವಲ್ಲ. ಕೆಲವರಿಗೆ ಆಮ್ಲ ತಗ್ಗಿಸುವ ಗುಳಿಗೆ, ಕೆಲವರಿಗೆ ನುಂಗುವ ಸ್ಟೀರಾಯ್ಡ್ ಬೇಕಾಗುತ್ತದೆ. ವೈದ್ಯರನ್ನು ಕೇಳದೆ ಯಾರೂ ಮಕ್ಕಳ ಹಾಲನ್ನು ಬಿಡಿಸಬಾರದು.

ಈಗ ಅವನ ತಟ್ಟೆ ಖಾಲಿಯಾಗುವವರೆಗೆ ನಾವೂ ಕುಳಿತಿರುತ್ತೇವೆ. ಮೊನ್ನೆ ಅವನೇ, "ಬಸ್ಸು ಹೋಗತ್ತೆ ಅಪ್ಪಾ, ನೀವು ಏಳಿ" ಎಂದ. ಹೋದರೆ ಹೋಗಲೆಂದು ಅವನ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದೆವು.