ದೆಹಲಿಯ ನೆಲ, ದೆಹಲಿಯ ಗದ್ದಲ



ದೆಹಲಿ ಎಂದೊಡನೆ ನಿಮಗೆ ಕೆಂಪುಕೋಟೆ, ಕುತುಬ್ ಮಿನಾರ್, ಮೆಟ್ರೋ ನೆನಪಾಗುವುದು ಸಹಜ. ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಈ ಊರು ಬೇರೆ ರೀತಿಯಲ್ಲಿಯೇ ಪರಿಚಯವಾಗುತ್ತದೆ. ನಮ್ಮ ಮನೆಯವರ ಈ ಹವ್ಯಾಸದಿಂದಾಗಿ ನಾನು ಕಂಡ ದೆಹಲಿಯನ್ನು ನಿಮಗೂ ತೋರಿಸೋಣವೆಂದು ಈ ಬರಹ.

ಮೊದಲು ನೆಲದ ವಿಚಾರ. ಊರಿನ ದಕ್ಷಿಣದಿಂದ ವಜೀರಾಬಾದಿನವರೆಗೆ ಹಬ್ಬಿರುವ ರಿಡ್ಜ್, ಅರಾವಳಿ ಬೆಟ್ಟಸಾಲಿನ ಕೊನೆಯ ಭಾಗ. ಅಲ್ಲಿ ತೆಳುವಾದ ಮಣ್ಣಿನ ಕೆಳಗೆ ಗಟ್ಟಿ ಬಂಡೆ. ಯಮುನೆ ದಾಟಿ ಮಯೂರ ವಿಹಾರ, ನೋಯ್ಡಾ ಕಡೆಗೆ ಬಂದರೆ ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಅರ್ಥಿಂಗ್ ಚೆನ್ನಾಗಿರಲು ನೆಲದಲ್ಲಿ ತೇವವಿರಬೇಕು. ಆದ್ದರಿಂದ ಯಮುನೆಯ ಬಯಲಿನಲ್ಲಿ ಈ ಕೆಲಸ ಸುಲಭ. ರಿಡ್ಜ್ ಪಕ್ಕದಲ್ಲಿ ಗುಂಡಿ ತೋಡುವುದೇ ಸಾಹಸ. ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವ ಹಳೆಯ ಪದ್ಧತಿ ಬಂದಿರುವುದು ಇದಕ್ಕಾಗಿಯೇ. ಮೇ ತಿಂಗಳ ಬಿಸಿಗಾಳಿಗೆ ಗುಂಡಿ ಒಣಗಿದರೆ ಅರ್ಥ್ ದುರ್ಬಲವಾಗುತ್ತದೆ. ಆಗ ಗಿಡಕ್ಕೆ ನೀರೆರೆಯುವಾಗ ಅದಕ್ಕೂ ಒಂದು ಬಕೆಟ್ ಹಾಕಬೇಕು.

ನಮ್ಮಲ್ಲಿ ಹೆಚ್ಚಿನವರು ಫ್ಲ್ಯಾಟಿನಲ್ಲಿರುವವರು. ಮೇಲಿನ ಮಹಡಿಯಿಂದ ನೆಲಕ್ಕೆ ಒಂದು ತಂತಿ ಬಿಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. 14 ಮೆಗಾಹರ್ಟ್ಸ್ ತರಂಗದ ಕಾಲು ಭಾಗ ಸುಮಾರು 5 ಮೀಟರ್. ತಂತಿ ಅಷ್ಟು ಉದ್ದವಾದರೆ ತಾನೇ ಆಂಟೆನಾದಂತೆ ವರ್ತಿಸುತ್ತದೆ. ಆಗ ಮೈಕ್ ತುಟಿಗೆ ತಗುಲಿದರೆ ಚುರುಕ್ ಎನ್ನುತ್ತದೆ, ಪಕ್ಕದ ಮನೆಯ ಸ್ಪೀಕರಿನಲ್ಲಿ ನಮ್ಮ ಮಾತು ಗೊರಗೊರ ಕೇಳುತ್ತದೆ. ಅದರ ಬದಲು 5 ಮೀಟರಿನ ಹೊದಿಕೆ ಇರುವ ತಂತಿಯನ್ನು ಸೆಟ್ಟಿನ ಅರ್ಥ್ ತಿರುಪಿಗೆ ಸಿಕ್ಕಿಸಿ ಗೋಡೆಯಂಚಿಗೆ ಹಾಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಅದರ ತುದಿಯನ್ನು ಮಾತ್ರ ಯಾರೂ ಮುಟ್ಟಬಾರದು. ಪ್ಲಗ್ಗಿನ ಮೂರನೆಯ ಪಿನ್ನಿನ ಅರ್ಥನ್ನು ಎಂದೂ ಕೀಳಬೇಡಿ. ಅದು ಜೀವ ಉಳಿಸಲು ಇರುವಂಥದ್ದು. ಗ್ಯಾಸ್ ಪೈಪಿಗೆ ತಂತಿ ಕಟ್ಟಲೇಬೇಡಿ.

ಇನ್ನು ಗದ್ದಲದ ಮಾತು. ರೇಡಿಯೋದಲ್ಲಿ ಗುಂಯ್ ಎಂಬ ಸದ್ದು ಬಂದರೆ ಮೊದಲು ನಮ್ಮ ಮನೆಯನ್ನೇ ಪರೀಕ್ಷಿಸಬೇಕು. ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ ಮೇನ್ ಸ್ವಿಚ್ ಆರಿಸಿ. ದೆಹಲಿಯ ಮನೆಗಳಲ್ಲಿ ಮೇನ್ ಆರಿಸಿದೊಡನೆ ಇನ್‌ವರ್ಟರ್ ಎದ್ದು ಕೂರುತ್ತದೆ, ಅದನ್ನೂ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಬಹುತೇಕ ಅಗ್ಗದ ಮೊಬೈಲ್ ಚಾರ್ಜರ್ ಅಥವಾ ಎಲ್‌ಇಡಿ ಬಲ್ಬ್ ಸಿಕ್ಕಿಬೀಳುತ್ತದೆ. ಅದನ್ನು ಬದಲಿಸಿ, ಇಲ್ಲವೇ ಅದರ ವಯರನ್ನು ಫೆರೈಟ್ ಉಂಗುರದೊಳಗೆ ಏಳೆಂಟು ಸುತ್ತು ಸುತ್ತಿ.

ಸದ್ದು ನಿಲ್ಲದಿದ್ದರೆ ಅದು ಹೊರಗಿನದು. ಚಿಕ್ಕ ಟ್ರಾನ್ಸಿಸ್ಟರ್ ಹಿಡಿದು ಕಾಲೋನಿ ಸುತ್ತಿದರೆ ಎಲ್ಲಿ ಸದ್ದು ಜೋರಾಗುತ್ತದೆಂದು ತಿಳಿಯುತ್ತದೆ. ಕರೆಂಟು ಕಂಬದ ಪಿಂಗಾಣಿಯ ಮೇಲೆ ಕೂತ ಧೂಳು ಚಳಿಗಾಲದ ಮಂಜಿಗೆ ಒದ್ದೆಯಾಗಿ ಅಲ್ಲಿ ಸಣ್ಣ ಕಿಡಿ ಹಾರುವುದುಂಟು. ಕಂಬದ ಹತ್ತಿರ ಹೋಗದೆ ಅದರ ನಂಬರ್ ಬರೆದುಕೊಂಡು ವಿದ್ಯುತ್ ಕಂಪನಿಗೆ ತಿಳಿಸಿ.

ಇಷ್ಟೆಲ್ಲ ಏಕೆ ಎನ್ನುವಿರಾ? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ದೆಹಲಿಯ ಗೃಹಿಣಿ ಭಾರತಿ ಪ್ರಸಾದ್ ಹ್ಯಾಮ್ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು (ಇಂದಿನ ಶ್ರೀ ವಿಜಯಪುರಂ). ದೂರವಾಣಿ ಸತ್ತಿದ್ದ ಆ ಹೊತ್ತಿನಲ್ಲಿ ಅವರು ರೇಡಿಯೋ ಮೂಲಕ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಅಷ್ಟು ದೂರದ ಕ್ಷೀಣ ದನಿ ಕೇಳಬೇಕಾದರೆ ಕೇಳುವವರ ಸೆಟ್ಟು ಗದ್ದಲವಿಲ್ಲದೆ ಇರಬೇಕು. ಒಂದು ಚಾರ್ಜರಿನ ಸದ್ದಿನಲ್ಲಿ ಒಬ್ಬರ ಕೂಗು ಮುಳುಗಿಹೋಗಬಾರದು.

ನಮ್ಮವರಿಗೂ ಈ ಹುಚ್ಚು ಹಳೆಯದೇ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಮನೆಯ ಬಾನುಲಿಗಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು.

ಈ ರಜೆಯಲ್ಲಿ ನೀವೂ ಒಂದು ಟ್ರಾನ್ಸಿಸ್ಟರ್ ಹಿಡಿದು ನಿಮ್ಮ ಬೀದಿ ಸುತ್ತಿ ನೋಡಿ. ಸದ್ದು ನೆರೆಮನೆಯದಾದರೆ ಜಗಳ ಬೇಡ. ‘ಅಂಕಲ್, ನಿಮ್ಮ ಚಾರ್ಜರ್ ಒಂದು ನಿಮಿಷ ತೆಗೆಯುತ್ತೀರಾ?’ ಎಂದು ಕೇಳಿ. ಅವರಿಗೂ ಕುತೂಹಲ ಹುಟ್ಟುತ್ತದೆ, ಒಂದು ಲೋಟ ಚಹಾ ಸಿಕ್ಕರೂ ಸಿಕ್ಕೀತು!