ಲೆಕ್ಕ ಮತ್ತು ಕಾರಣ

ಗಣಿತ ಪಾಠ ಹೇಳಿ ನಿವೃತ್ತನಾದವನಿಗೆ ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು ಬಗೆಯವು. ತಮ್ಮ ಮಕ್ಕಳಿಗೆ ಲೆಕ್ಕ ಏಕೆ ತಲೆಗೆ ಹತ್ತುತ್ತಿಲ್ಲ ಎಂಬುದು ಮೊದಲನೆಯದು. ಅದರ ವಿಚಾರ ಇನ್ನೊಮ್ಮೆ ಬರೆಯುತ್ತೇನೆ. ಎರಡನೆಯದು ಅಪರೂಪಕ್ಕೆ ಬರುತ್ತದೆ, ಬಂದಾಗ ಮಾತ್ರ ನನ್ನ ನಿದ್ದೆಗೆಡಿಸುತ್ತದೆ: ಈ ಭೌತಪ್ರಪಂಚ ನಡೆಯುವ ರೀತಿಯನ್ನು ಗಣಿತ ನಿಜಕ್ಕೂ ವಿವರಿಸುತ್ತದೆಯೇ, ಅಥವಾ ಅಳತೆಗಳಿಗೆ ಹೊಂದುವ ಸೂತ್ರಗಳನ್ನು ಹೊಸೆದು ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೇವೆಯೇ?

ಇದನ್ನು ಬರಿಯ ತತ್ತ್ವಜಿಜ್ಞಾಸೆಯಾಗಿ ಚರ್ಚಿಸಹೊರಟರೆ ಮಾತು ಗಾಳಿಯಲ್ಲಿ ತೇಲಿಹೋಗುತ್ತದೆ. ಆದುದರಿಂದ ಖಗೋಳವಿಜ್ಞಾನದ ಚರಿತ್ರೆಯಿಂದ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತೇನೆ. ಇಲ್ಲಿ ಗಣಿತಜ್ಞ ಒಬ್ಬನೇ, ಅವನ ವಿಧಾನವೂ ಒಂದೇ, ಅವನು ಹುಡುಕಿದ ಗ್ರಹಗಳು ಮಾತ್ರ ಎರಡು. ಒಂದು ಸಿಕ್ಕಿತು, ಇನ್ನೊಂದು ಇರಲೇ ಇಲ್ಲ.

1781ರ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ನಗರದಲ್ಲಿ ವಿಲಿಯಂ ಹರ್ಷೆಲ್, ತಾನೇ ತಯಾರಿಸಿದ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡ. ನ್ಯೂಟನ್ನನ ಗುರುತ್ವ ನಿಯಮವನ್ನು ಆಧರಿಸಿ ಅದರ ಪಥವನ್ನು ಗಣಿಸಿ ಖಗೋಳಜ್ಞರು ಕೋಷ್ಟಕಗಳನ್ನು ರಚಿಸಿದರು. ಗ್ರಹ ಮಾತ್ರ ಕೋಷ್ಟಕಕ್ಕೆ ವಿಧೇಯವಾಗಿ ನಡೆಯಲಿಲ್ಲ. 1840ರ ದಶಕದ ವೇಳೆಗೆ ಲೆಕ್ಕಕ್ಕೂ ಆಕಾಶಕ್ಕೂ ನಡುವಿನ ಅಂತರ ಕಡೆಗಣಿಸಲಾಗದಷ್ಟು ಬೆಳೆದಿತ್ತು. ಉಳಿದ ದಾರಿಗಳು ಎರಡು. ಸೂರ್ಯನಿಂದ ಅಷ್ಟು ದೂರದಲ್ಲಿ ನ್ಯೂಟನ್ನನ ನಿಯಮವೇ ಸಡಿಲಗೊಳ್ಳುತ್ತಿದೆ ಎನ್ನಬೇಕು. ಇಲ್ಲವೇ ಕಣ್ಣಿಗೆ ಬೀಳದ ಯಾವುದೋ ಕಾಯ ಯುರೇನಸ್ಸನ್ನು ಸೆಳೆಯುತ್ತಿದೆ ಎನ್ನಬೇಕು.

ಫ್ರಾನ್ಸಿನ ಲವೆರ್ಯೇ ಎರಡನೆಯ ದಾರಿ ಹಿಡಿದ. ಗ್ರಹ ತಿಳಿದಿದ್ದರೆ ಅದರ ಸೆಳೆತವನ್ನು ಲೆಕ್ಕ ಹಾಕುವುದು ವಾಡಿಕೆ. ಇವನು ಸೆಳೆತವನ್ನು ಹಿಡಿದುಕೊಂಡು ಗ್ರಹ ಎಲ್ಲಿರಬೇಕೆಂದು ಹಿಮ್ಮುಖವಾಗಿ ಲೆಕ್ಕ ಹಾಕಿದ. ಇಂಗ್ಲೆಂಡಿನ ತರುಣ ಜಾನ್ ಕೂಚ್ ಆಡಮ್ಸ್ ಇದೇ ಕೆಲಸವನ್ನು ಸ್ವತಂತ್ರವಾಗಿ ಕೈಗೊಂಡಿದ್ದ. ಲವೆರ್ಯೇ ಬರೆದ ಪತ್ರ 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದ ಗಾಲೆಯ ಕೈಸೇರಿತು. ಅಂದೇ ರಾತ್ರಿ ಗಾಲೆ ದೂರದರ್ಶಕದಲ್ಲಿ ಕಣ್ಣಿಟ್ಟು ನಕ್ಷತ್ರಗಳನ್ನು ಒಂದೊಂದಾಗಿ ಹೇಳುತ್ತ ಹೋದ. ಡಾರೆಸ್ಟ್ ಎಂಬ ವಿದ್ಯಾರ್ಥಿ ನಕ್ಷೆಯೊಡನೆ ತಾಳೆ ನೋಡುತ್ತ ಹೋದ. ನಕ್ಷೆಯಲ್ಲಿಲ್ಲದ ಒಂದು ಚುಕ್ಕಿ ಸಿಕ್ಕಿತು. ಲವೆರ್ಯೇ ಹೇಳಿದ ಸ್ಥಾನಕ್ಕೂ ಅದಕ್ಕೂ ಒಂದು ಅಂಶದಷ್ಟು ಅಂತರವೂ ಇರಲಿಲ್ಲ. ಅದೇ ನೆಪ್ಚೂನ್.

ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಕಥೆ ನೆನಪಿರಬಹುದು. ಕಾಗದ, ಲೇಖನಿ, ತಾಳ್ಮೆ, ಇಷ್ಟೇ ಬಂಡವಾಳದಿಂದ ಒಂದು ಗ್ರಹವನ್ನು ಪತ್ತೆ ಹಚ್ಚಿದ ಸಾಹಸ ಎಂಥ ಸೋಮಾರಿ ಹುಡುಗನನ್ನೂ ಒಂದು ಕ್ಷಣ ನೆಟ್ಟಗೆ ಕೂರಿಸುತ್ತಿತ್ತು. ಅದರ ಉತ್ತರಾರ್ಧ ಅಷ್ಟಾಗಿ ಪ್ರಚಾರದಲ್ಲಿಲ್ಲ. ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 36 ಪಟ್ಟು ದೂರದಲ್ಲಿ ಹೊಸ ಗ್ರಹವಿದೆಯೆಂದು ಲವೆರ್ಯೇ ಎಣಿಸಿದ್ದ. ನೆಪ್ಚೂನ್ ಇರುವುದು 30 ಪಟ್ಟು ದೂರದಲ್ಲಿ. ಅದು ಒಂದು ಸುತ್ತು ಮುಗಿಸಲು 217 ವರ್ಷ ಬೇಕೆಂದಿದ್ದ. ನಿಜಕ್ಕೂ ಹಿಡಿಯುವುದು ಸುಮಾರು 165 ವರ್ಷ. ಕಂಡುಹಿಡಿದ ಮೇಲಿನ ಮೊದಲ ಸುತ್ತನ್ನು ಅದು 2011ರಲ್ಲಿ ಮುಗಿಸಿತು. ಗ್ರಹಗಳ ದೂರಗಳ ಬಗ್ಗೆ ಆಗ ಚಾಲ್ತಿಯಲ್ಲಿದ್ದ ಬೋಡೆ ನಿಯಮವೆಂಬ ಅಂದಾಜು ಸೂತ್ರವನ್ನು ಲವೆರ್ಯೇ, ಆಡಮ್ಸ್ ಇಬ್ಬರೂ ಆರಂಭದಲ್ಲಿ ನಂಬಿದ್ದೇ ಈ ದೋಷದ ಮೂಲ. ಆದರೆ ಸೆಳೆತ ಪ್ರಬಲವಾಗಿದ್ದ ಆ ಕೆಲವು ದಶಕಗಳಲ್ಲಿ ಕಾಲ್ಪನಿಕ ಗ್ರಹವೂ ನಿಜವಾದ ಗ್ರಹವೂ ಹೆಚ್ಚುಕಡಮೆ ಒಂದೇ ದಿಕ್ಕಿನಲ್ಲಿದ್ದುವು. ಹೀಗಾಗಿ ದೂರ ತಪ್ಪಿದರೂ ದಿಕ್ಕು ತಪ್ಪಲಿಲ್ಲ.

ಈಗ ಎರಡನೆಯ ಗ್ರಹದ ವಿಚಾರ. ಬುಧ ಸೂರ್ಯನನ್ನು ಸುತ್ತುವ ದೀರ್ಘವೃತ್ತ ಸ್ಥಿರವಾಗಿ ನಿಂತಿಲ್ಲ. ಆ ದೀರ್ಘವೃತ್ತವೇ ಬಲು ನಿಧಾನವಾಗಿ ತಿರುಗುತ್ತದೆ. ಅಂದರೆ ಬುಧ ಸೂರ್ಯನಿಗೆ ಅತಿ ಸಮೀಪ ಬರುವ ಬಿಂದು, ಪುರರವಿ, ಸ್ವಲ್ಪಸ್ವಲ್ಪವೇ ಮುಂದೆ ಸರಿಯುತ್ತದೆ. ಇತರ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನೂರು ವರ್ಷಕ್ಕೆ 38 ವಿಕಲೆಗಳಷ್ಟು ಸರಿತ ಕಾರಣವಿಲ್ಲದೆ ಉಳಿಯುತ್ತದೆಂದು ಲವೆರ್ಯೇ 1859ರಲ್ಲಿ ಪ್ರಕಟಿಸಿದ. ಮುಂದೆ 1882ರಲ್ಲಿ ಅಮೆರಿಕದ ಸೈಮನ್ ನ್ಯೂಕೋಂಬ್ ಇದನ್ನು 43 ವಿಕಲೆಗಳಿಗೆ ತಿದ್ದಿದ. ಒಂದು ಅಂಶಕ್ಕೆ 3600 ವಿಕಲೆ. ಈ ಲೆಕ್ಕದಲ್ಲಿ ಒಂದೇ ಒಂದು ಅಂಶದಷ್ಟು ವ್ಯತ್ಯಾಸ ಬೀಳಲು ಎಂಟು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಇಷ್ಟು ಸೂಕ್ಷ್ಮವಾದ ಶೇಷವನ್ನೂ ಹೋಗಲಿ ಎಂದು ಬಿಡದಿದ್ದುದು ಆ ಮಹನೀಯನ ದೊಡ್ಡತನ.

ಒಮ್ಮೆ ಗೆದ್ದ ಉಪಾಯವನ್ನೇ ಅವನು ಮತ್ತೆ ಹೂಡಿದ. ಬುಧನಿಗಿಂತಲೂ ಒಳಗೆ, ಸೂರ್ಯನ ಪ್ರಭೆಯಲ್ಲಿ ಮರೆಯಾಗಿ, ಇನ್ನೊಂದು ಗ್ರಹವೋ ಕಿರುಗ್ರಹಗಳ ಗುಂಪೋ ಇರಬೇಕೆಂದ. ಲೆಸ್ಕಾರ್ಬೋ ಎಂಬ ಹಳ್ಳಿಯ ವೈದ್ಯನೊಬ್ಬ, ಸೂರ್ಯಬಿಂಬದ ಮೇಲೆ ಕರಿಯ ಚುಕ್ಕೆಯೊಂದು ಹಾದುದನ್ನು ಆ ವರ್ಷದ ಮಾರ್ಚ್ 26ರಂದೇ ಕಂಡಿದ್ದೆನೆಂದು ಬರೆದು ತಿಳಿಸಿದ. ಲವೆರ್ಯೇ ಸ್ವತಃ ಅವನ ಮನೆಗೆ ಹೋಗಿ, ಪ್ರಶ್ನಿಸಿ, ಒಪ್ಪಿ ಬಂದ. ಗ್ರಹಕ್ಕೆ ವಲ್ಕನ್ ಎಂದು ಹೆಸರಾಯಿತು. ವೈದ್ಯನಿಗೆ ಫ್ರಾನ್ಸಿನ ರಾಷ್ಟ್ರಗೌರವ ಸಂದಿತು. ಆದರೆ ವಲ್ಕನ್ ಮತ್ತೆ ಕಾಣಿಸಲಿಲ್ಲ. 1877ರಲ್ಲಿ ಲವೆರ್ಯೇ ತೀರಿಕೊಂಡ. ಅಂದೂ ಸೆಪ್ಟೆಂಬರ್ 23, ನೆಪ್ಚೂನ್ ಸಿಕ್ಕ ದಿನ. ಮರುವರ್ಷ ಜುಲೈ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಅಮೆರಿಕದ ಇಬ್ಬರು ಖಗೋಳಜ್ಞರು ವಲ್ಕನ್ನನ್ನು ಕಂಡೆವೆಂದರು. ಬೇರೆ ಯಾರಿಂದಲೂ ಅದು ದೃಢಪಡಲಿಲ್ಲ. 1915ರ ನವೆಂಬರ್ 18ರಂದು ಐನ್‌ಸ್ಟೈನ್ ತನ್ನ ಹೊಸ ಗುರುತ್ವ ಸಿದ್ಧಾಂತದಿಂದ ಬುಧನ ಪಥವನ್ನು ಗಣಿಸಿ ತೋರಿಸಿದ. ಯಾವ ಹೊಸ ಗ್ರಹದ ನೆರವೂ ಇಲ್ಲದೆ 43 ವಿಕಲೆಗಳು ತಾವಾಗಿಯೇ ಬಂದುವು. ಇಲ್ಲದ ಗ್ರಹ ಪುಸ್ತಕಗಳಿಂದ ಮರೆಯಾಯಿತು.

ಎರಡನೆಯ ಸಲ ಲವೆರ್ಯೇಯ ಲೆಕ್ಕ ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ತೋರಿಸಿಕೊಟ್ಟ ಶೇಷ ನಿಜವಾದ ಶೇಷ. ಲೆಕ್ಕ ಸರಿಯಿತ್ತು, ಆರೋಪಿಸಿದ ಕಾರಣ ತಪ್ಪಾಗಿತ್ತು. ಮೊದಲ ಸಲ ಪಥದ ಲೆಕ್ಕದಲ್ಲಿ ದೋಷವಿತ್ತು, ಕಾರಣ ಸರಿಯಾಗಿತ್ತು. ಲೆಕ್ಕ ಮತ್ತು ಕಾರಣ ಎರಡೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು.

ಈ ವ್ಯತ್ಯಾಸ ಕೇವಲ ಪಂಡಿತರ ಗೊಡವೆಯಲ್ಲ. 1980ರ ಫೆಬ್ರವರಿ 16ರ ಶನಿವಾರ ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದ ಪೂರ್ಣ ಸೂರ್ಯಗ್ರಹಣ ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ನಾನಾಗ ಹುಬ್ಬಳ್ಳಿ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ರಟ್ಟಿನಲ್ಲಿ ಸಣ್ಣ ರಂಧ್ರ ಕೊರೆದು, ಸೂರ್ಯನ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ ತೋರಿಸುವುದಾಗಿ ಹೇಳಿ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದಿದ್ದೆ. ಹಿಂದಿನ ದಿನ ಪಾಲಕರೊಬ್ಬರು ಬಂದರು. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಸೊಸೆ ಬಸುರಿ. ಅವರೆಂದರು: "ಮಾಸ್ತರ್ರ, ಗ್ರಹಣಾ ಯಾವಾಗ ಹಿಡೀತದ, ಯಾವಾಗ ಬಿಡ್ತದ ಅಂತ ಪಂಚಾಂಗದಾಗ ಬರದದ್ದು ಖರೇ ಆಗ್ತದ ಅಂತ ನೀವಽ ಹೇಳ್ತೀರಿ. ಅದರ ಬಾಜೂಕ ಬರದ ಫಲಾ ಅಷ್ಟಽ ಹ್ಯಾಂಗ ಸುಳ್ಳ ಆಗ್ತದ?"

ಒರಟು ಪ್ರಶ್ನೆಯಲ್ಲ, ತರ್ಕಬದ್ಧವಾದ ಪ್ರಶ್ನೆ. ವೇಳೆಯ ಅಂಕಣ ಸೂರ್ಯಚಂದ್ರರ ಗತಿಯಿಂದ ಹುಟ್ಟಿದ್ದು, ನಾಳೆ ಗಡಿಯಾರ ಹಿಡಿದು ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಫಲದ ಅಂಕಣಕ್ಕೆ ಅಂಥ ಪರೀಕ್ಷೆಯಿಲ್ಲ, ಲೆಕ್ಕದ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಅದು ಲೆಕ್ಕವಾಗದು ಎಂದೆ. ಅವರು ಗೌರವದಿಂದ ಕೇಳಿಸಿಕೊಂಡರು, ಮಗಳನ್ನು ಕಳುಹಿಸಲಿಲ್ಲ. ಬಯಲಿಗೆ ಬಂದವರು ಹನ್ನೊಂದು ಮಕ್ಕಳು. ಇಳಿಹಗಲಿನಲ್ಲಿ ಮೂರು ನಿಮಿಷವೂ ತುಂಬದ ಆ ಕತ್ತಲು ಕವಿದಾಗ ಊರಿನ ಬೀದಿಗಳು ನಿರ್ಜನವಾಗಿದ್ದುವು, ಬಾಗಿಲುಗಳೆಲ್ಲ ಮುಚ್ಚಿದ್ದುವು. ಆ ಸೊಸೆ ದಿನವಿಡೀ ಹನಿ ನೀರಿಲ್ಲದೆ ಒಳಕೋಣೆಯಲ್ಲಿದ್ದಳೆಂದು ಆಮೇಲೆ ತಿಳಿಯಿತು. ಪಂಚಾಂಗವನ್ನು ಅಷ್ಟೊಂದು ನಂಬಿದವರಲ್ಲಿ ಯಾರೂ ಅದು ಸರಿಯೇ ಎಂದು ಹೊರಬಂದು ನೋಡಿರಲಿಲ್ಲ.

ನೋಡಿದವಳು ಆ ಹುಡುಗಿ. ಮುಚ್ಚಿದ ಮನೆಯೊಳಗೆ ಹೆಂಚಿನ ಸಂದಿನಿಂದ ನೆಲದ ಮೇಲೆ ಬಿಸಿಲ ಬೊಟ್ಟೊಂದು ಬೀಳುತ್ತಿತ್ತಂತೆ. ಅದು ಉಗುರಿನ ತುಣುಕಿನಂತಾಗಿ ಒಂದು ಕಡೆಗೆ ಬಾಗಿ, ಮಾಯವಾಗಿ, ಮತ್ತೆ ಮೂಡಿದಾಗ ಇನ್ನೊಂದು ಕಡೆಗೆ ಬಾಗಿತ್ತು. ಗೋಡೆಯ ಗಡಿಯಾರದೊಡನೆ ವೇಳೆಯನ್ನೂ ತಾಳೆ ನೋಡಿದ್ದಳು. ಸೋಮವಾರ ಇದನ್ನೆಲ್ಲ ಹೇಳಿ ಕೇಳಿದಳು: "ಸರ್, ಚಂದ್ರಾ ಅಡ್ಡ ಬರ್ತದ ಅಂತ ಲೆಕ್ಕಾ ಹೇಳ್ತದರಿ. ಬಾ ಅಂತ ಚಂದ್ರಗ ಯಾರು ಹೇಳ್ತಾರ್ರಿ?" ಗುರುತ್ವ ಎಂದೆ. ಗುರುತ್ವವೆಂದರೇನು ಎಂದಳು. ಹಲಗೆಯ ಮೇಲೆ ನ್ಯೂಟನ್ನನ ಸೂತ್ರ ಬರೆದೆ. ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇದೂ ಲೆಕ್ಕಾನಽ ಆತಲ್ರಿ?" ಎಂದಳು.

ಆ ಮಾತಿಗೆ ನ್ಯೂಟನ್ನನೇ ತಲೆದೂಗುತ್ತಿದ್ದ. ತನ್ನ ಮಹಾಗ್ರಂಥದ 1713ರ ಆವೃತ್ತಿಯಲ್ಲಿ, ಗುರುತ್ವದ ಕಾರಣವೇನೆಂಬುದನ್ನು ತಾನು ಕಂಡುಕೊಂಡಿಲ್ಲ, ಊಹೆಗಳನ್ನು ಕಟ್ಟಲೊಲ್ಲೆ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಾದರೆ ಸೂತ್ರ ಮಾಡಿದ್ದೇನು?

ಗ್ರಹಣವನ್ನೇ ತೆಗೆದುಕೊಳ್ಳೋಣ. 223 ಚಾಂದ್ರಮಾಸಗಳಿಗೊಮ್ಮೆ, ಅಂದರೆ 6585 ದಿನ ಸುಮಾರು 8 ಗಂಟೆಗಳಿಗೊಮ್ಮೆ, ಗ್ರಹಣಗಳು ಮರುಕಳಿಸುತ್ತವೆಂದು ಬ್ಯಾಬಿಲೋನಿನವರು ಕಂಡುಕೊಂಡಿದ್ದರು. 1980ರ ನಮ್ಮ ಗ್ರಹಣವೇ 1998ರ ಫೆಬ್ರವರಿ 26ರಂದು ಕೆರಿಬಿಯನ್ ಕಡೆಗೂ 2016ರ ಮಾರ್ಚ್ 9ರಂದು ಇಂಡೊನೇಷ್ಯದ ಕಡೆಗೂ ಮರಳಿ ಬಂದಿತ್ತು. ಇದು ಸೊಗಸಾದ ಲೆಕ್ಕ. ಆದರೆ ಗ್ರಹಣವೆಂದರೇನೆಂದು ಅರಿಯದವನೂ ಇದನ್ನು ಹಾಕಬಲ್ಲ. ಚಂದ್ರ ಸೂರ್ಯನನ್ನು ಮರೆಸುತ್ತದೆ, ಭೂಮಿಯ ನೆರಳು ಚಂದ್ರನನ್ನು ಮರೆಸುತ್ತದೆ ಎಂದು ಆರ್ಯಭಟ ಹೇಳಿದಾಗ ಲೆಕ್ಕದ ಹಿಂದೆ ಒಂದು ವಸ್ತುಸ್ಥಿತಿ ನಿಂತಿತು. ನ್ಯೂಟನ್ ಬಂದು ಬೀಳುವ ಹಣ್ಣು, ಏರುವ ಕಡಲು, ಚಂದ್ರ, ಧೂಮಕೇತು ಇವೆಲ್ಲ ಒಂದೇ ನಿಯಮಕ್ಕೆ ಅಧೀನವೆಂದು ತೋರಿಸಿದ. ಐನ್‌ಸ್ಟೈನ್ ಸೆಳೆತವೆಂಬ ಬಲವನ್ನೇ ಬಿಟ್ಟು, ದ್ರವ್ಯದಿಂದ ಬಾಗಿದ ದೇಶಕಾಲದ ಜ್ಯಾಮಿತಿಯನ್ನು ಮುಂದಿಟ್ಟ. ಒಂದೊಂದು ಹೆಜ್ಜೆಯಲ್ಲೂ ಕಡಿಮೆ ಊಹೆಗಳಿಂದ ಹೆಚ್ಚು ಸಂಗತಿಗಳು ಹೊರಟುವು. ಜೊತೆಗೆ, ಆಕಾಶ ಒಪ್ಪದಿದ್ದರೆ ಇಡೀ ಕಟ್ಟಡ ಬೀಳಬಹುದೆಂಬ ಅಪಾಯವನ್ನೂ ಪ್ರತಿಯೊಬ್ಬನೂ ಮೈಮೇಲೆಳೆದುಕೊಂಡ. ಫಲಜ್ಯೋತಿಷ ಎಂದೂ ಎದುರಿಸದ ಅಪಾಯವದು.

ವಿಸ್ಮಯ ಇನ್ನೂ ಒಂದಿದೆ. ಪ್ರಾಚೀನ ಗ್ರೀಸಿನ ಅಪೊಲೋನಿಯಸ್ ಶಂಕುವನ್ನು ಕತ್ತರಿಸಿದಾಗ ಬರುವ ರೇಖೆಗಳನ್ನು ಜ್ಯಾಮಿತಿಯ ಸಂತೋಷಕ್ಕಾಗಿ ಅಭ್ಯಸಿಸಿದ. ಸಾವಿರದ ಎಂಟುನೂರು ವರ್ಷಗಳ ಬಳಿಕ, 1609ರಲ್ಲಿ, ಮಂಗಳ ಅದೇ ದೀರ್ಘವೃತ್ತದಲ್ಲಿ ನಡೆಯುತ್ತದೆಂದು ಕೆಪ್ಲರ್ ಪ್ರಕಟಿಸಿದ. ರೀಮಾನ್ 1854ರಲ್ಲಿ ರೂಪಿಸಿದ ಬಾಗಿದ ಆಕಾಶಗಳ ಜ್ಯಾಮಿತಿ ಐನ್‌ಸ್ಟೈನನಿಗಾಗಿಯೇ ಕಾದಿದ್ದಂತೆ ಒದಗಿತು. ಈ ಹೊಂದಾಣಿಕೆಗೆ ಸಮರ್ಪಕ ಕಾರಣ ಸಿಗುವುದಿಲ್ಲವೆಂದು ಭೌತವಿಜ್ಞಾನಿ ಯುಜೀನ್ ವಿಗ್ನರ್ 1960ರಲ್ಲಿ ಬರೆದ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ. ಉಪಯೋಗಕ್ಕೆ ಬಂದ ಗಣಿತವನ್ನಷ್ಟೇ ನಾವು ನೆನೆಯುತ್ತೇವೆ, ಬಾರದುದನ್ನು ಮರೆಯುತ್ತೇವೆ ಎಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ಹುರುಳಿದೆ, ಆದರೂ 43 ವಿಕಲೆಗಳ ಮುಂದೆ ಆ ಆಕ್ಷೇಪ ನನಗೆ ಬಡವಾಗಿ ಕಾಣುತ್ತದೆ.

ನನ್ನ ನಿಲುವನ್ನು ಹೀಗೆ ಸಂಗ್ರಹಿಸುತ್ತೇನೆ. ಗಣಿತ ತಾನೊಂದೇ ಏನನ್ನೂ ವಿವರಿಸದು. "ಹೀಗಿದ್ದರೆ ಹೀಗಾಗಲೇಬೇಕು" ಎಂದಷ್ಟೇ ಅದು ಹೇಳುತ್ತದೆ. "ಹೀಗಿದೆ" ಎಂಬ ಭಾಗವನ್ನು ಪ್ರಪಂಚದಿಂದಲೇ ಕೇಳಿ ತಿಳಿಯಬೇಕು. ಎರಡೂ ಕೂಡಿದಾಗ ಹುಟ್ಟುವುದನ್ನು ವಿವರಣೆ ಎನ್ನಲು ನನಗೆ ಸಂಕೋಚವಿಲ್ಲ. ಆ ಹುಡುಗಿಯ ಪ್ರಶ್ನೆ ಅಲ್ಲಿಗೂ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ದೇಶಕಾಲ ಬಾಗುವುದಾದರೂ ಏಕೆ ಎಂದು ಅವಳು ಖಂಡಿತ ಕೇಳುತ್ತಿದ್ದಳು.

ಇಂದು ಖಗೋಳಜ್ಞರು ಲವೆರ್ಯೇ ನಿಂತಿದ್ದ ಕವಲಿನಲ್ಲೇ ಮತ್ತೆ ನಿಂತಿದ್ದಾರೆ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು, ಕಾಣುವ ದ್ರವ್ಯದ ಸೆಳೆತಕ್ಕೆ ಸಲ್ಲದ ವೇಗದಲ್ಲಿ ಸುತ್ತುತ್ತಿವೆಯೆಂದು ವೆರಾ ರೂಬಿನ್ ಮೊದಲಾದವರು 1970ರ ದಶಕದಲ್ಲಿ ಅಳೆದು ತೋರಿಸಿದರು. ಕಾಣದ ದ್ರವ್ಯ ಅಪಾರವಾಗಿದೆ ಎಂಬುದು ಹೆಚ್ಚಿನವರ ಮತ. ಗುರುತ್ವದ ನಿಯಮವನ್ನೇ ತಿದ್ದಬೇಕೆಂಬುದು ಕೆಲವರ ಮತ. ಆ ದ್ರವ್ಯದ ಕಣವನ್ನು ನೇರವಾಗಿ ಹಿಡಿದವರು ಇನ್ನೂ ಯಾರೂ ಇಲ್ಲ. ಇದು ನೆಪ್ಚೂನೋ ವಲ್ಕನ್ನೋ ಎಂಬುದನ್ನು ಹಲಗೆಯ ಮೇಲಿನ ಲೆಕ್ಕದಿಂದಷ್ಟೇ ಹೇಳಲು ಬಾರದು. ಇದು ತೀರ್ಮಾನವಾಗುವುದನ್ನು ನೋಡಲು ನಾನಿರುವೆನೋ ಇಲ್ಲವೋ. ನಿಮ್ಮಲ್ಲಿ ಮೇಷ್ಟರಾದವರು ಕೆಲವರಿದ್ದೀರಿ. ನೆಪ್ಚೂನಿನ ಕಥೆ ಹೇಳಿದ ದಿನ ಮಕ್ಕಳಿಗೆ ವಲ್ಕನ್ನಿನ ಕಥೆಯನ್ನೂ ತಪ್ಪದೆ ಹೇಳಿರಿ.