ಬೆಲ್ಲದ ಮಂಡಿಯಲ್ಲಿ ನಕ್ಷತ್ರ

ನಕ್ಷತ್ರಗುಚ್ಛದ ಫೋಟೊ ಮುಂದಿಟ್ಟರೆ, "ಬಲಗಡೆ ಅಂಚಿನಲ್ಲಿ ಒಂದು ಚುಕ್ಕಿ ಅರ್ಧ ಕತ್ತರಿಸಿಹೋಗಿದೆಯಲ್ಲ" ಎಂದು ತಲೆಯಾಡಿಸುವ ಜನ ಲೋಕದಲ್ಲಿದ್ದಾರೆ. ಅವರ ಮೇಲೆ ನನಗೊಂದು ಸಣ್ಣ ಸಿಟ್ಟು. ಇಂಥವರು ಮತ ಹಾಕುವ ಒಂದು ಜಾಗ, ಎಲ್ಲರೂ ಚಿತ್ರ ಹಂಚಿಕೊಳ್ಳುವ ಜಾಲತಾಣ ವಿಕಿಮೀಡಿಯ ಕಾಮನ್ಸ್. ಅಲ್ಲಿ ಒಂದು ಚಿತ್ರಕ್ಕೆ ವಿಶೇಷ ಚಿತ್ರದ ಪಟ್ಟ ಸಿಗಬೇಕಾದರೆ ಪರವಾಗಿ ಕನಿಷ್ಠ 7 ಮತ ಬೀಳಬೇಕು, ಅದೂ ವಿರೋಧದ ಎರಡರಷ್ಟಿರಬೇಕು. ಹಕ್ಕಿ, ಕೋಟೆ, ಕೀಟಗಳ ಸರದಿಯಲ್ಲೇ ಹಬಲ್ ದೂರದರ್ಶಕದ ಚಿತ್ರಗಳೂ ಕೈಕಟ್ಟಿ ನಿಲ್ಲುತ್ತವೆ.

2009ರಲ್ಲಿ ಗಗನಯಾತ್ರಿಗಳು ಹೊಸ ಕ್ಯಾಮೆರಾ ಕೂಡಿಸಿದ ಮೇಲೆ ಹಬಲ್ ತೆಗೆದ ಒಮೆಗಾ ಸೆಂಟಾರಿಯ ಚಿತ್ರವನ್ನೇ ನೋಡಿ. ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರದ ಗುಚ್ಛದ ನಡುಭಾಗ. ಒಂದೇ ಚೌಕಟ್ಟಿನಲ್ಲಿ ಒಂದು ಲಕ್ಷ ನಕ್ಷತ್ರ. ಇಂಥ ಚಿತ್ರಗಳಿಗೆ ತಪ್ಪದೆ ಬರುವ ತಕರಾರು: ಬಣ್ಣ ಸಹಜವಲ್ಲ, ಆಮೇಲೆ ಹಚ್ಚಿದ್ದು.

ಬಣ್ಣ ಎಂದ ಕೂಡಲೇ ನಮ್ಮ ಕಡೆಯವರಿಗೆ ಬೆಲ್ಲದ ಮಂಡಿ ನೆನಪಾಗಬೇಕು. ಮಂಡ್ಯದ ಎಪಿಎಂಸಿಯಲ್ಲಿ ಅಚ್ಚು, ಬಕೆಟ್, ಕುರಿಕಾಲಚ್ಚು ಎಂದು ಬೆಲ್ಲಕ್ಕೆ ನಾನಾ ಜಾತಿ. ದರ ಕಟ್ಟುವುದು ಮಾತ್ರ ಬಹುಪಾಲು ಬಣ್ಣ ನೋಡಿಯೇ. ಹೊಂಬಣ್ಣವಿದ್ದರೆ ಕೈ ಮೇಲೆ, ಕಪ್ಪಗಿದ್ದರೆ ಮುಖ ಆ ಕಡೆ. ಮದ್ದೂರು ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ತಿರುವುತ್ತಿದ್ದ ಹಿರಿಯರೊಬ್ಬರು ಹೇಳಿದ್ದರು: "ನಾಲ್ಗೆನ ಯಾರು ಕೇಳ್ತಾರೆ ಸ್ವಾಮಿ, ಕಣ್ಣೇ ಯಾಪಾರ ಮುಗಿಸ್‌ಬುಡ್ತದೆ." ಮೊದಲು ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಸಾಕಾಗಿತ್ತು. ಮಡ್ಡಿ ಮೇಲೆ ಬಂದರೆ ಜಾಲರಿಯಲ್ಲಿ ತೆಗೆದು ಎಸೆಯುವುದು, ಅಷ್ಟೇ. ಕೊಳ್ಳುವವನ ಕಣ್ಣು ಬೆಳ್ಳಗಾದಂತೆ ಬೆಲ್ಲವೂ ಬೆಳ್ಳಗಾಗಬೇಕಾಯಿತು. ಕೊಪ್ಪರಿಗೆಗೆ ಬಣ್ಣ ತಿಳಿಗೊಳಿಸುವ ಹೈಡ್ರೋಸ್ ಪುಡಿ ಬಿತ್ತು. ಅಂಗಡಿಯಲ್ಲಿ ಮಿಂಚುವ ಅಚ್ಚನ್ನೇ ಆರಿಸಿ, ಮನೆಗೆ ಬಂದು ರಾಸಾಯನಿಕದ ಬಗ್ಗೆ ಭಾಷಣ ಮಾಡುವವರೂ ನಾವೇ. ರೈತನನ್ನು ಬೈಯುವುದು ಸುಲಭ. ಅವನು ತನಗೆಂದು ಅಟ್ಟದ ಮೇಲೆ ಇಟ್ಟುಕೊಳ್ಳುವ ಬೆಲ್ಲ ಕಪ್ಪಗೇ ಇರುತ್ತದೆ! ಇತ್ತೀಚೆಗೆ ಅದನ್ನೇ ಸಾವಯವ ಎಂದು ಹೆಸರಿಟ್ಟು ಹೆಚ್ಚಿನ ದರಕ್ಕೆ ಬೆಂಗಳೂರಿನಲ್ಲಿ ಮಾರುತ್ತಾರೆ, ಅದು ಬೇರೆ ಮಾತು.

ಹಬಲ್ ಕೂಡ ಹೀಗೆಯೇ ಬಣ್ಣ ಕಟ್ಟಿತೇ? ಇಲ್ಲ. ಅದರ ಕ್ಯಾಮೆರಾ ತೆಗೆಯುವುದು ಕಪ್ಪುಬಿಳುಪು ಚಿತ್ರ, ಒಂದೊಂದು ಫಿಲ್ಟರಿನಲ್ಲಿ ಒಂದೊಂದು. ಕಣ್ಣಿಗೆ ಕಾಣದ ನೇರಳಾತೀತ ಬೆಳಕೂ ಅದರಲ್ಲಿ ಸೇರಿದೆ. ಆಮೇಲೆ ಅವಕ್ಕೆ ಬಣ್ಣ ಕೊಟ್ಟು ಕೂಡಿಸುತ್ತಾರೆ. ಆ ಬಣ್ಣ ಮುಚ್ಚಿಡುವುದಕ್ಕಲ್ಲ, ಹೇಳುವುದಕ್ಕೆ. ನೀಲಿಯದು ಬಿಸಿ ನಕ್ಷತ್ರ, ಕೆಂಪಿನದು ತಣ್ಣಗಾಗುತ್ತಾ ಉಬ್ಬಿದ ಮುದಿ ನಕ್ಷತ್ರ. ಭಾರಿ ನೀಲಿ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವಾದ್ದರಿಂದ, ಗುಚ್ಛದಲ್ಲಿ ಯಾವ ಬಣ್ಣ ಉಳಿದಿದೆ ಎನ್ನುವುದರಿಂದಲೇ ಅದರ ವಯಸ್ಸು ಹೇಳುತ್ತಾರೆ. ಕೃತ್ತಿಕೆ ನೀಲಿ ಹುಡುಗಿ, ಒಮೆಗಾ ಸಾವಿರ ಕೋಟಿ ವರ್ಷ ದಾಟಿದ ಅಜ್ಜಿ. ಬಣ್ಣ ಬೇಡವೆಂದು ಮತ ಹಾಕುವುದೆಂದರೆ ಅಜ್ಜಿಯ ಜಾತಕ ಹರಿದಂತೆ.

ಆದ್ದರಿಂದ ತೀರ್ಪುಗಾರರಲ್ಲಿ ಒಂದು ವಿನಂತಿ. ಮೇ ತಿಂಗಳಲ್ಲಿ ಮೋಡವಿಲ್ಲದ ಒಂದು ರಾತ್ರಿ ಮಳವಳ್ಳಿ ಕಡೆಯ ಯಾವುದಾದರೂ ಕತ್ತಲೆ ಹೊಲಕ್ಕೆ ಬನ್ನಿ. ದಕ್ಷಿಣಕ್ಕೆ ತಿರುಗಿದರೆ, ಸುಮಾರು 30 ಡಿಗ್ರಿ ಎತ್ತರದಲ್ಲಿ ಒಮೆಗಾ ಸೆಂಟಾರಿ ಮಸುಕಾದ ಒಂದು ಚುಕ್ಕಿಯಾಗಿ ಬರಿಗಣ್ಣಿಗೇ ಸಿಗುತ್ತದೆ. ನೋಡಿ ಹೋಗಿ ಮತ ಹಾಕಿ. 2009ರಿಂದ ಖಗೋಳ ಛಾಯಾಗ್ರಾಹಕರಿಗೆ ವರ್ಷವರ್ಷವೂ ಪ್ರಶಸ್ತಿ ಕೊಡುವ ಗ್ರೀನಿಚ್ ವೀಕ್ಷಣಾಲಯದವರಿಗಂತೂ ಇದನ್ನು ಒತ್ತಿ ಹೇಳಬೇಕು. ಅವರ ಊರಿನಲ್ಲಿ ಒಮೆಗಾ ಸೆಂಟಾರಿ ಹುಟ್ಟುವುದೇ ಇಲ್ಲ.